ಉದ್ದ ನಂಬರಿನ ಹೊಸ್ತಿಲು

ನಮ್ಮೂರಿನಲ್ಲಿ ಎದುರಿಗೆ ನಿಂತವರ ಜೊತೆ ಮಾತಾಡಲು ಬಾಯಿ ಇದ್ದರೆ ಸಾಕು. ದೂರದವರನ್ನು ಮಾತಾಡಿಸಬೇಕೆಂದರೆ ನಂಬರು ಬೇಕು. ನಿಮ್ಮ ಹೊಸ್ತಿಲ ಮೇಲೆ ನಿಂತು ಅವರ ಹೊಸ್ತಿಲ ನಂಬರು ಹೇಳಿ ಮಾತಾಡಿದರೆ, ಆ ಮಾತು ಓಣಿ ದಾಟಿ, ಪೇಟೆಯ ಚಾವಡಿ ದಾಟಿ, ಬೇಕಾದರೆ ಹೊಳೆಯನ್ನೂ ದಾಟಿ ಅವರ ಬಾಗಿಲಲ್ಲಿ ನಿಮ್ಮದೇ ದನಿಯಲ್ಲಿ ಕೇಳಿಸುತ್ತದೆ. ನಂಬರು ಹೇಳದೆ ಕೂಗಿದಿರೋ, ಗಂಟಲು ಹರಿದುಕೊಂಡರೂ ಮಾತು ಅಂಗಳದಲ್ಲೇ ಬಿದ್ದಿರುತ್ತದೆ. ಹೊಳೆಯ ಆಚೆ ಈಚೆ ಇರುವ ಎಲ್ಲ ಊರುಗಳಲ್ಲೂ ಇದೇ ನಡಾವಳಿ. ಬೇರೆ ಕಡೆ ಹೇಗೋ ನನಗೆ ತಿಳಿಯದು, ನಾನು ಹೋಗಿಲ್ಲ.

ಹಿರಿಯರು ನಂಬರು ಹಂಚಿದ ಕಾಲದಲ್ಲಿ ಅದಕ್ಕೆ ನಾಲ್ಕೇ ತುಂಡು ಇಟ್ಟರಂತೆ. ಎಷ್ಟು ಜನ ಬಂದರೂ ಮುಗಿಯುವುದಿಲ್ಲ ಅಂದುಕೊಂಡರಂತೆ. ಪೇಟೆಯವರು ಮೊದಲು ಬಂದವರು, ಕೈಗೆ ಸಿಕ್ಕಷ್ಟು ಬಾಚಿಕೊಂಡರು. ಅಡತಿ ಅಂಗಡಿಯ ಮುರಗೆಪ್ಪ ಶೆಟ್ಟರ ಮನೆಯಲ್ಲಿ ತಲಬಾಗಿಲಿಗೊಂದು, ಹಿತ್ತಿಲ ಬಾಗಿಲಿಗೊಂದು, ತೂಗುಮಂಚಕ್ಕೊಂದು, ಯಾರೂ ಕಾಲಿಡದ ಕಟ್ಟಿಗೆ ಕೋಣೆಗೂ ಒಂದು ನಂಬರಿತ್ತು. ಅಡಿಗೆಯವರು, ಅಗಸರು, ಬಾಜಾ ಬಾರಿಸುವವರು, ದರ್ಜಿಗಳು, ನಾವೆಲ್ಲ ಕೊನೇ ಓಣಿಯವರು ಬರುವ ಹೊತ್ತಿಗೆ ತಳದಲ್ಲಿ ಉಳಿದಿದ್ದು ಒಂದೇ ಒಂದು. ಇಡೀ ಓಣಿಗೆ ಅದೊಂದೇ.

ಅದನ್ನು ಓಣಿಯ ಬಾಯಲ್ಲಿದ್ದ ಕಲ್ಲುಕಟ್ಟೆಗೆ ಕೆತ್ತಿಸಿದರು. ಕಟ್ಟೆಯ ಮೇಲೆ ಒಬ್ಬರು ಕೂಡಬೇಕು. ಬಂದ ಕರೆ ಅವರ ಕಿವಿಗೆ ಮಾತ್ರ ಕೇಳಿಸುತ್ತದೆ. ಅದು ಯಾರಿಗೆ ಬಂದಿದೆ ಎಂದು ಕೇಳಿ, ಅವರ ಬಾಗಿಲಿಗೆ ಹೋಗಿ ಹೇಳಬೇಕು. ಓಣಿಯವರು ಅಂದದ್ದನ್ನು ಕಟ್ಟೆ ಹತ್ತಿ ಹೊರಗೆ ಹೇಳಬೇಕು. ಮೊದಲು ನಮ್ಮತ್ತೆ ಕೂಡುತ್ತಿದ್ದಳು, ಅವಳ ನಂತರ ನಾನು. ನೀಲವ್ವ ಅಂದರೆ ಯಾರಿಗೂ ಗುರುತು ಹತ್ತುವುದಿಲ್ಲ, ಕಟ್ಟಿ ನೀಲವ್ವ ಅನ್ನಬೇಕು. ಬೆಳಗಾದರೆ "ಯಾರಿಗ್ ಹೇಳ್ಬೇಕ್ರೀ?" ಅನ್ನುವುದೇ ನನ್ನ ಸುಪ್ರಭಾತ.

ಈ ಕೆಲಸದ ಗಮ್ಮತ್ತು ನಿಮಗೆ ಗೊತ್ತಿಲ್ಲ. ದುಡಿಯಲು ಹೊಳೆಯಾಚೆ ಹೋದ ಓಣಿಯ ಕಾಶವ್ವನ ಗಂಡ "ನಿನ್ನ ಬಿಟ್ಟ್ ನಿದ್ದಿ ಹತ್ತವಲ್ದು" ಅಂದರೆ, ನಾನು ಅವಳ ಬಾಗಿಲಿಗೆ ಹೋಗಿ ಅದನ್ನೇ ಅನ್ನಬೇಕು. ಕಾಶವ್ವ ನನ್ನ ಮುಖ ನೋಡಿ ನಾಚಿಕೊಳ್ಳುತ್ತಿದ್ದಳು. ಯಾರದೋ ಅಣ್ಣ ತಮ್ಮಂದಿರು ಬೈದಾಡಿಕೊಂಡರೆ ಎರಡೂ ಕಡೆಯ ಬೈಗುಳ ನನ್ನ ಬಾಯಿಂದಲೇ ಹೋಗಬೇಕು, ಅದೂ ಅಷ್ಟೇ ಖಾರವಾಗಿ. ನಮ್ಮ ಓಣಿಯ ಜನ ಇಷ್ಟು ವರ್ಷ ನಕ್ಕಿದ್ದು, ಸಿಟ್ಟಾಗಿದ್ದು, ಸತ್ತವರ ಸುದ್ದಿ ಬಿಟ್ಟು ಉಳಿದೆಲ್ಲಕ್ಕೂ ಅತ್ತಿದ್ದು ನನ್ನ ದನಿ ಕೇಳಿಯೇ. ಸಾವಿನ ಸುದ್ದಿ ಮಾತ್ರ ಕರೆಯಲ್ಲಿ ಬರಬಾರದು, ಅದನ್ನು ಆಳು ನಡೆದು ಬಂದು ಹೇಳಬೇಕು. ಶುಭದ ಮಾತು ಕರೆಯಲ್ಲೇ ಬರಬೇಕು, ಅದನ್ನು ನಡೆದು ಬಂದು ಹೇಳಬಾರದು. ಇದು ನಮ್ಮ ಕಡೆಯ ರೂಢಿ. ನನಗೆ ಅಂತ ಮಾತ್ರ ಕಟ್ಟೆಗೆ ಯಾವ ಕರೆಯೂ ಬರುತ್ತಿರಲಿಲ್ಲ. ನನ್ನ ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಬೇರೆಯವರಿಗೆಲ್ಲ ನಾನು ಬರೀ ಕಟ್ಟೆ.

ನನ್ನ ಮಗ ಫಕ್ಕೀರಪ್ಪ ಅಡಿಗೆಯವ. ಅವನ ಕೈಯ ಹೋಳಿಗೆಗೆ, ಕಟ್ಟಿನ ಸಾರಿಗೆ ಪೇಟೆಯವರು ಬಾಯಿ ಬಿಡುತ್ತಾರೆ. ಹೊಳೆಯಾಚೆ ಒಂದು ಮದುವೆಗೆ ಅಡಿಗೆಗೆ ಹೋದಾಗ ಹುಡುಗಿಯೊಬ್ಬಳು ನೇರ ಒಲೆಯ ಹತ್ತಿರ ಬಂದು, "ಸಾರಿಗೆ ಹುಳಿ ಕಡಿಮಿ ಬಿದ್ದೈತಿ ನೋಡ್ರಿ" ಅಂದಳಂತೆ. ಅಲ್ಲಿಯವರೆಗೆ ಅವನ ಅಡಿಗೆಗೆ ಯಾರೂ ಕೊಂಕು ತೆಗೆದಿರಲಿಲ್ಲ. ಅವನು ಹುಳಿ ಹಾಕಿ, ರುಚಿ ನೋಡಿ, ಹೌದು ಅಂದನಂತೆ. ಮನೆಗೆ ಬಂದವನು ಎರಡು ದಿನ ಹುಣಸೆಹಣ್ಣನ್ನು ನೋಡಿ ನಗುತ್ತಿದ್ದ. ಹುಡುಗಿಯ ಹೆಸರು ಶಶಿಕಲಾ. ಅವಳಿಗೂ ಮನಸ್ಸಿತ್ತು.

ಅವಳ ತಾಯಿ ಸಾವಂತ್ರವ್ವ ಮನೆ ನೋಡಲು ಬಂದಳು. ಮನೆ ಹಿಡಿಸಿತು, ಹುಡುಗ ಹಿಡಿಸಿದ, ನಾನು ಮಾಡಿದ ಉಪ್ಪಿಟ್ಟೂ ಹಿಡಿಸಿತು. ಆಮೇಲೆ ಅವಳು ಹೊಸ್ತಿಲ ಮೇಲೆ ಕೈಯಾಡಿಸಿ ನೋಡಿದಳು. ಬರೀ ಕಲ್ಲು. ನಂಬರಿಲ್ಲ.

"ಒಂದ್ ಮಾತ್ ಕೇಳ್ಲೇನ್ರೀ ಅಕ್ಕಾರ?" ಅಂದಳು. "ಮದುವಿ ಮರುದಿನಾ ನಾ ಕರದ್ರ ನನ್ ಮಗಳಿಗೆ ಯಾರ ದನಿ ಕೇಳಸ್ತೈತಿ?"

ಅವಳು ಕೇಳಿದ್ದು ಹೊಸ್ತಿಲ ಕರೆಯ ಬಗ್ಗೆ. ಮದುವೆಯ ಮರುದಿನ ಬೆಳಿಗ್ಗೆ ಮದುಮಗಳು ಗಂಡನ ಮನೆಯ ಹೊಸ್ತಿಲ ಒಳಗೆ ನಿಂತಿರುತ್ತಾಳೆ. ತವರಿನಿಂದ ತಾಯಿಯ ದನಿ ಬಂದು "ಒಲಿ ಹಚ್ಚು" ಅನ್ನುವವರೆಗೆ ಅವಳು ಒಲೆ ಮುಟ್ಟುವಂತಿಲ್ಲ. ನಮ್ಮ ಓಣಿಯಲ್ಲಿ ಆ ಮಾತನ್ನೂ ನಾನೇ ಹೇಳುತ್ತಿದ್ದೆ. ಕೊನೇ ಓಣಿಗೆ ಹೆಣ್ಣು ಕೊಟ್ಟರೆ ಕಟ್ಟೆಯೇ ತವರು ಎಂದು ಸುತ್ತಲ ಊರವರು ಆಡಿಕೊಳ್ಳುತ್ತಿದ್ದರು. ಹೆಣ್ಣು ಕೊಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು.

"ನಂದು ಕೇಳಸ್ತೈತಿ," ಅಂದೆ. "ಆದ್ರ ನೀವ್ ಅಂದದ್ದ ಅಂತೀನ್ರೀ. ಒಂದ್ ಅಕ್ಷರಾ ಹೆಚ್ಚಕಡಿಮಿ ಮಾಡಂಗಿಲ್ಲ."

"ನೀವು ಸುಳ್ಳ್ ಹೇಳ್ತೀರಂತ ನಾ ಅನ್ನಂಗಿಲ್ರೀ. ಆದ್ರ ಮಗಳಿಗೆ ಜ್ವರ ಬಂದ್ರ, ಸಂಕಟ ಆದ್ರ, ತಾಯಿಗೆ ಗೊತ್ತಾಗೂದು ಮಾತಿನಾಗಲ್ಲ, ದನ್ಯಾಗ. ಅಕಿ 'ಆರಾಮದೀನಿ' ಅಂದದ್ದನ್ನ ನೀವು ನನಗ ಆರಾಮಾಗೇ ಹೇಳ್ತೀರಿ. ನನ್ ಮಗಳ ಹೊಸ್ತಲಕ್ಕ ನನ್ ದನಿ ಮುಟ್ಟೂ ಹಂಗ ಮಾಡ್ರಿ. ಅವತ್ತ ಕುಣಕೋತ ಬಂದು ಅಕ್ಕಿಕಾಳ ಹಾಕ್ತೀನಿ."

ಅವಳು ಹೋದ ಮೇಲೆ ನನಗೆ ಮೈಯೆಲ್ಲ ಉರಿಯಿತು. ಇಡೀ ಓಣಿಗೆ ದನಿಯಾದವಳ ದನಿ ಇವಳಿಗೆ ಸಾಲದಾಯಿತೇ? ಆ ವಾರವೆಲ್ಲ ಮಗನ ಅಡಿಗೆಯಲ್ಲಿ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡೆರಡು ಉಪ್ಪು. ಮಗನಿಗೆ ಈ ಹುಡುಗಿ ತಪ್ಪಿದರೆ ಅವನು ಇನ್ನೊಬ್ಬಳನ್ನು ನೋಡುವವನಲ್ಲ ಎಂದು ನನಗೆ ಗೊತ್ತಿತ್ತು. ನಾನು ಸೀರೆ ಸೆರಗು ಬಿಗಿದು ಚಾವಡಿಗೆ ಹೊರಟೆ.

ಊರಿನ ಎಲ್ಲ ಕರೆಗಳೂ ಪೇಟೆಯ ಚಾವಡಿಯ ಮೇಲೆ ಹಾದುಹೋಗಬೇಕು. ಅದನ್ನು ನೋಡಿಕೊಳ್ಳುವವರು ಗುಂಡೋ ಮಾಸ್ತರರು. ನಂಬರು ಮುಗಿದುಹೋಗಿವೆ, ಇನ್ನು ಆರನೇ ಪದ್ಧತಿಗೆ ಬರಬೇಕು ಎಂದು ಅವರು ಕೂದಲು ಕಪ್ಪಗಿದ್ದಾಗಿನಿಂದ ಹೇಳುತ್ತಿದ್ದರು. ಈಗ ಕೂದಲೇ ಇರಲಿಲ್ಲ. ಚಾವಡಿಯನ್ನು ಆ ಪದ್ಧತಿಗೆ ಅವರು ಎಂದೋ ಸಜ್ಜು ಮಾಡಿ ಇಟ್ಟಿದ್ದರು. ಅದರಲ್ಲಿ ಕರೆಯುವವರೇ ಇರಲಿಲ್ಲ.

"ನಮ್ದು ನಾಕನೇ ಪದ್ಧತಿ ಅಂತೀರಿ, ಹೊಸದು ಆರನೇದು ಅಂತೀರಿ. ಐದನೇದು ಎಲ್ಲಿ ಹೋತ್ರೀ?" ಎಂದು ಕೇಳಿದೆ.

"ಅದನ್ನ ಕೇಳಬ್ಯಾಡವಾ. ಹುಟ್ಟಿತ್ತು, ಯಾರೂ ಎತ್ತಿ ಆಡಸಲಿಲ್ಲ," ಅಂದರು ಮಾಸ್ತರರು. "ಇದು ಹಂಗಲ್ಲ. ನಾಕು ತುಂಡಿನ ಜಾಗಾದಾಗ ಎಂಟು ತುಂಡು. ನಿಮ್ಮ ಓಣಿಯ ಮನಿಗೆ, ಮನಿಯೊಳಗಿನ ಒಳ್ಳಿಗೆ, ಒನಕಿಗೆ ಕೊಟ್ಟರೂ ಮುಗಿಯೂದಿಲ್ಲ. ನಡುವ ಖಾಲಿ ತುಂಡು ಸಾಲಾಗಿ ಬಂದ್ರ ಅವನ್ನೆಲ್ಲ ಒಂದ ಗುಟಕಿನ್ಯಾಗ ನುಂಗಿಬಿಡಬಹುದು. ಆದ್ರ ಒಂದ ಸಲ ಮಾತ್ರ ನುಂಗಬೇಕು, ನೆನಪಿಟ್ಟುಕೋ. ಎರಡು ಸಲ ನುಂಗಿದ್ರ ಕರೆಗೆ ದಿಕ್ಕು ತಪ್ತದ." ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. "ನೀಲವ್ವಾ, ಇದು ಬಂದ್ರ ನಿನ್ನ ಕಟ್ಟಿಗೆ ಕೆಲಸ ಉಳಿಯೂದಿಲ್ಲ. ವಿಚಾರ ಮಾಡು."

"ಕಟ್ಟಿಗೆ ಸೊಸಿ ಬರ್ತಾಳೇನ್ರೀ?" ಅಂದೆ.

ಓಣಿಯನ್ನು ಒಪ್ಪಿಸಲು ಒಂದು ಸಂಜೆ ಸಾಕಾಯಿತು. ಇಲ್ಲದವರಿಗೆ ಕೊಡುತ್ತೇನೆ ಅಂದರೆ ಬೇಡ ಅನ್ನುವವರು ಯಾರು? ಓಣಿಯವನೇ ಆದ ಕಲ್ಲು ಕೆತ್ತುವ ಹುಸೇನಸಾಬ ಉಳಿ ಸುತ್ತಿಗೆ ಹಿಡಿದು ಒಂದು ತುದಿಯಿಂದ ಶುರು ಮಾಡಿದ. ಒಂದೊಂದು ಹೊಸ್ತಿಲಿಗೂ ಎಡತುದಿಯಿಂದ ಬಲತುದಿಯವರೆಗೆ ನಂಬರು. ನಮ್ಮವರು ಅದನ್ನು ಬಾಯಿಪಾಠ ಮಾಡಿದ್ದು ಬೀಸುಕಲ್ಲಿನ ಮುಂದೆ, ಹಿಟ್ಟಿನ ಜೊತೆ. ಗುಟುಕು ನುಂಗುವ ಕಡೆ ಬೀಸುಕಲ್ಲಿಗೆ ಒಂದು ಹಿಡಿ ಜೋಳ ಹಾಕಬೇಕು, ಒಂದು ನಂಬರಿಗೆ ಒಂದೇ ಹಿಡಿ, ಹಾಗಾಗಿ ಎರಡು ಸಲ ನುಂಗುವ ಪ್ರಶ್ನೆಯೇ ಇಲ್ಲ. ಹುರುಪು ಹೆಚ್ಚಾಗಿ ಮನೆಗೊಂದು ಸಾಲದೆ ಕಂಡಕಂಡದ್ದಕ್ಕೆಲ್ಲ ನಂಬರು ಹಾಕಿಸಿದರು. ಎದುರು ಮನೆಯ ಮಲ್ಲವ್ವ ತನ್ನ ಕೋಳಿಗೂಡಿಗೂ ಒಂದು ಕೆತ್ತಿಸಿದಳು. "ಪ್ಯಾಟ್ಯಾಗಿನವರ ತೂಗಮಂಚಕ್ಕ ಇತ್ತಲ್ಲ, ನನ್ನ ಕೋಳಿ ಏನ್ ಪಾಪ ಮಾಡ್ಯಾವ?" ಅಂದಳು. ಆ ಮಾತಿಗೆ ಹುಸೇನಸಾಬ ಕೂಲಿ ಕೂಡ ಕೇಳಲಿಲ್ಲ.

ಕಾಶವ್ವ ತನ್ನ ಹೊಸ್ತಿಲಿಂದ ಮಲ್ಲವ್ವನನ್ನು ಕರೆದಳು, ಮಲ್ಲವ್ವ ನನ್ನನ್ನು ಕರೆದಳು. ಎರಡು ದಿನ ಓಣಿಯಲ್ಲಿ ಹಬ್ಬ. ಮೂರನೇ ದಿನ ಎಲ್ಲರಿಗೂ ಅನ್ನಿಸಿತು, ಎದುರುಬದರು ಮನೆಯವರು ಎಷ್ಟು ಹೊತ್ತು ಹೀಗೆ ಕರೆದಾಡುವುದು? ಉದ್ದ ನಂಬರಿನ ಹೊಸ್ತಿಲಿಂದ ಉದ್ದ ನಂಬರಿನ ಹೊಸ್ತಿಲಿಗೆ ಮಾತ್ರ ಕರೆ ಹೋಗುತ್ತದೆ. ಪೇಟೆಯಲ್ಲಿ ಮಾಸ್ತರರ ಚಾವಡಿ ಬಿಟ್ಟರೆ ಒಂದೂ ಇರಲಿಲ್ಲ, ಹೊಳೆಯಾಚೆ ಒಂದೂ ಇರಲಿಲ್ಲ. ಅಂಗಳದ ತುಂಬ ಬಾವಿ ತೋಡಿ ಹಗ್ಗ ಮರೆತವರ ಹಾಗಾಯಿತು ನಮ್ಮ ಸ್ಥಿತಿ.

ನಾನು ಮುರಗೆಪ್ಪ ಶೆಟ್ಟರ ಬಳಿ ಹೋದೆ. ಅವರು ತೂಗುಮಂಚದ ಮೇಲೆ ಕೂತು ಕೇಳಿಸಿಕೊಂಡರು. "ನಮಗೇನ್ ಕೊರತಿ ಐತಿ ನೀಲವ್ವಾ? ಅಷ್ಟುದ್ದ ನಂಬರ ಹೇಳೂದ್ರಾಗ ಹೇಳೂ ಮಾತ ಮರತಹೋಗ್ತೈತಿ. ಮೊದಲ ಹೊಳಿ ಆಚಿಯವರು ಹಾಕಸ್ಲಿ, ಆಮ್ಯಾಲೆ ನೋಡೂಣು." ಹೊಳೆಯಾಚೆಯ ಹಿರಿಯರನ್ನು ಗುಂಡೋ ಮಾಸ್ತರರು ಕೇಳಿದರೆ, "ಪ್ಯಾಟಿ ಶೆಟ್ರ ಇನ್ನೂ ಹಾಕಿಸಿಲ್ಲ, ನಮಗ್ಯಾಕ ಅವಸರ?" ಅಂದರಂತೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಗಾದೆ ಅಕ್ಷರಶಃ ನಡೆಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಕೂತಿದ್ದೆ. ಶೆಟ್ಟರ ಕರೆ ಬಂತು.

"ಯಾರಿಗ್ ಹೇಳ್ಬೇಕ್ರೀ?"

"ಏ ಕಟ್ಟಿ, ಫಕ್ಕೀರಪ್ಪಗ ಹೇಳು, ಮಗಳ ಕುಬಸ ಐತಿ. ದಿನಾ ಗೊತ್ತಾದ ಕೂಡ್ಲೇ ಕರೀತೀನಿ. ಅಲ್ಲೀತನಾ ಬ್ಯಾರೆ ಯಾವ ಅಡಿಗಿ ಒಪ್ಕೋಬ್ಯಾಡ ಅನ್ನು. ಬಾಜಾದವರಿಗೂ ಹಂಗ ಹೇಳಿಡು."

ಮೊದಲ ಬಸುರಿಗೆ ಮಾಡುವ ಕುಬಸ ಅಂದರೆ ಪೇಟೆಯಲ್ಲಿ ಸಣ್ಣ ಮಾತಲ್ಲ, ಹೊಳೆಯಾಚೆಯ ಬೀಗರೆಲ್ಲ ಬರುತ್ತಾರೆ. ಆಗಲಿ ಅಂದೆ. ಅಂದವಳು ಅಲ್ಲೇ ಕೂತುಬಿಟ್ಟೆ. ಶೆಟ್ಟರಿಗೆ ಉದ್ದ ನಂಬರು ಯಾಕೆ ಬೇಡ ಎಂದು ಆಗ ನನಗೆ ನಿಚ್ಚಳವಾಯಿತು. ನಾನಿದ್ದೇನಲ್ಲ! ಅವರು ಕೂತಲ್ಲಿಂದ "ಏ ಕಟ್ಟಿ" ಅಂದರೆ ಇಡೀ ಓಣಿ ಓಡಿಬರುತ್ತದೆ. ಕಟ್ಟೆಯ ಮೇಲೆ ಒಬ್ಬಳು ಕೂತಿರುವವರೆಗೆ ಈ ಊರು ಬದಲಾಗುವುದಿಲ್ಲ.

ಎದ್ದೆ. ಮನೆಗೆ ಹೋಗಿ ಒಂದು ಚೀಲ ಕೆಂಪು ಮೆಣಸಿನಕಾಯಿ ತಂದು ಕಟ್ಟೆಯ ಮೇಲೆ ಒಣಹಾಕಿದೆ. ಹಳೆಯ ನಂಬರು ಅದರಡಿ ಮುಚ್ಚಿಹೋಯಿತು. ಹೆದರಿಕೆ ಆಗಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ? ಮದುವೆಯಾಗಿ ಬಂದ ಮೇಲೆ ನನಗೆ ಅಂತ ಇದ್ದ ಜಾಗ ಅದೊಂದೇ.

"ನೀಲಕ್ಕಾ, ತಲಿ ಕೆಟ್ಟೈತೇನು?" ಅಂದಳು ಮಲ್ಲವ್ವ.

"ಇನ್ ಮ್ಯಾಲೆ ನಮ್ಮ ಓಣಿಯವರು ಯಾರಿಗರೆ ಬೇಕಂದ್ರ, ಅವರ ಹೊಸ್ತಲಕ್ಕ ಕರೀಲಿ. ಕಟ್ಟಿಗೆ ಕರದ್ರ ಮೆಣಸಿನಕಾಯಿ ಕೇಳಸ್ಕೋತಾವು."

ಓಣಿ ಒಂದಿಷ್ಟು ಗೊಣಗಿತು. ಕೆಲಸ ತಪ್ಪಿದರೆ ಹೊಟ್ಟೆಗೇನು ಎಂದು ಬಾಜಾದವರು ಕೇಳಿದರು. ಫಕ್ಕೀರಪ್ಪ ಮುಂದೆ ಬಂದು, ಶೆಟ್ಟರ ಕರೆ ತನ್ನ ಹೊಸ್ತಿಲಿಗೆ ಬರುವವರೆಗೆ ಓಣಿಗೆಲ್ಲ ತಾನು ಅಡಿಗೆ ಮಾಡಿ ಹಾಕುತ್ತೇನೆ ಅಂದ. ಅವನ ಹೋಳಿಗೆ ತಿಂದು ಮುಷ್ಕರ ಮಾಡಲು ಯಾರಿಗೆ ಬೇಸರ?

ಪೇಟೆ ತಲೆಕೆಳಗಾಯಿತು. ಅಗಸರನ್ನು ಕರೆದರು, ಉತ್ತರವಿಲ್ಲ. ದರ್ಜಿಯನ್ನು ಕರೆದರು, ಉತ್ತರವಿಲ್ಲ. ಕುಬಸದ ದಿನ ಗೊತ್ತಾಗಿ ಶೆಟ್ಟರು ಕರೆದರು, ಮತ್ತೆ ಕರೆದರು, ಮೆಣಸಿನಕಾಯಿ ತಣ್ಣಗೆ ಒಣಗುತ್ತಿದ್ದವು. ಕಡೆಗೆ ತಡೆಯಲಾರದೆ ಆಳನ್ನು ನಡೆಸಿ ಕಳಿಸಿದರು. ಪೇಟೆಯ ಆಳು ನಡೆದು ಬರುವುದನ್ನು ಕಂಡದ್ದೇ ಓಣಿಯ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಬಂದು ನಿಂತರು. ಮಲ್ಲವ್ವ ಗದ್ಗದ ದನಿಯಲ್ಲಿ, "ಶೆಟ್ರ ಮನ್ಯಾಗ ಯಾರ್ ಹೋದ್ರೋ ಯಪ್ಪಾ?" ಎಂದು ಕೇಳಿದಳು. ಬಸುರಿ ಇರುವ ಮನೆಯ ಮೇಲೆ ಇಂಥ ಮಾತು! ಆಳು ಬಂದ ದಾರಿಯಲ್ಲೇ ಓಟ ಕಿತ್ತ. ಶೆಟ್ಟರ ಹೆಂಡತಿ ಇದನ್ನು ಕೇಳಿ ಗಂಡನಿಗೆ ಏನು ಅಂದಳೋ ನನಗೆ ಗೊತ್ತಿಲ್ಲ. ಆದರೆ ಅದೇ ಮಧ್ಯಾಹ್ನ ಹುಸೇನಸಾಬನ ಹೊಸ್ತಿಲಿಗೆ ಗುಂಡೋ ಮಾಸ್ತರರ ಕರೆ ಬಂತು: "ಉಳಿ ಸುತ್ತಿಗೆ ತಗೊಂಡು ಲಗೂನ ಬಾ. ಶೆಟ್ಟರ ತಲಬಾಗಿಲು."

ನಂಬರು ಕೆತ್ತಿದ್ದಾಯಿತು. ಮಾಸ್ತರರು ಹೇಳಿಕೊಟ್ಟದ್ದನ್ನು ಅರ್ಧ ಕೇಳಿಸಿಕೊಂಡು ಶೆಟ್ಟರು ಹೊಸ್ತಿಲ ಮೇಲೆ ನಿಂತರು. ಉದ್ದ ನಂಬರು ಹೇಳಿ ರೂಢಿಯಿಲ್ಲ, ಮೊದಲೇ ಸಿಟ್ಟು. ಒಮ್ಮೆ ನುಂಗಿದವರು ಇನ್ನೊಮ್ಮೆಯೂ ನುಂಗಿದರು. ಕರೆ ಓಣಿಗೆ ಬಂದು, ದಿಕ್ಕು ತೋಚದೆ ಸುತ್ತಿ, ಮಲ್ಲವ್ವನ ಕೋಳಿಗೂಡಿಗೆ ಬಂದು ಬಿತ್ತು.

"ನಾಡಿದ್ದು ಕುಬಸ ಐತಿ! ಹೋಳಿಗಿ ಆಗಬೇಕು, ಎಣಗಾಯಿ ಆಗಬೇಕು, ಕಟ್ಟಿನ ಸಾರು ಆಗಬೇಕು! ತಿಳೀತಿಲ್ಲೋ?" ಎಂದು ಗೂಡಿನೊಳಗಿಂದ ಶೆಟ್ಟರ ದನಿ ಗುಡುಗಿತು. ಕೋಳಿಗಳು ದಿಕ್ಕಾಪಾಲಾಗಿ ಹಾರಿದವು. ಓಣಿಯೇ ಓಡಿಬಂತು. ಮಲ್ಲವ್ವ ಬಗ್ಗಿ ಗೂಡಿಗೆ ಬಾಯಿಟ್ಟು, "ಶೆಟ್ರ, ಇಲ್ಲಿ ಕೋಳಿ ಅದಾವ್ರೀ, ಹೋಳಿಗಿ ಮಾಡಾಕ ಬರಂಗಿಲ್ಲ ಅವಕ್ಕ. ಇನ್ನೊಮ್ಮೆ ಹೇಳ್ರಿ, ಒಂದ ಸಲ ನುಂಗ್ರಿ!" ಅಂದಳು. ಅಂದು ನಕ್ಕ ನಗು ನನ್ನ ಪಕ್ಕೆಯಲ್ಲಿ ಇನ್ನೂ ಇದೆ.

ಎರಡನೇ ಸಲ ಕರೆ ಸರಿಯಾಗಿ ನಮ್ಮ ಹೊಸ್ತಿಲಿಗೇ ಬಂತು. ಫಕ್ಕೀರಪ್ಪ ನಿಂತಿದ್ದ. ಕಟ್ಟೆಗಾದರೆ "ಏ" ಅನ್ನಬಹುದು. ಎದುರಿಗೆ ಮನುಷ್ಯನೇ ಇದ್ದಾಗ ಹಾಗನ್ನಲು ನಾಲಗೆ ಹೊರಳಬೇಕಲ್ಲ. "ಫಕ್ಕೀರಪ್ಪಾ," ಅಂದರು ಶೆಟ್ಟರು, ದನಿ ಮೆತ್ತಗಿತ್ತು, "ಮಗಳ ಕುಬಸ ಐತಪ್ಪಾ. ನೀ ಬಂದ್ರ ಮನಿಗಿ ಕಳೆ." ನನ್ನ ಮಗ ತನ್ನದೇ ದನಿಯಲ್ಲಿ, "ಬರ್ತೀನ್ರೀ ಶೆಟ್ರ," ಅಂದ.

ಕುಬಸದ ಊಟಕ್ಕೆ ಬಂದ ಹೊಳೆಯಾಚೆಯ ಹಿರಿಯರಿಗೆಲ್ಲ ಶೆಟ್ಟರು ತಮ್ಮ ಹೊಸ್ತಿಲನ್ನು ತೋರಿಸಿದ್ದೇ ತೋರಿಸಿದ್ದು. ಆರನೇ ಪದ್ಧತಿಯನ್ನು ತಾವೇ ಹೆತ್ತ ಹಾಗೆ, "ಒಂದ ಸಲ ನುಂಗಬೇಕು, ನೆನಪಿರ್ಲಿ" ಎಂದು ಅವರಿಗೆ ಪಾಠ ಬೇರೆ ಹೇಳಿದರು. ಶೆಟ್ಟರ ಮನೆಯಲ್ಲಿ ಇರುವುದು ತಮ್ಮ ಮನೆಯಲ್ಲಿ ಇಲ್ಲದಿದ್ದರೆ ಹೊಳೆಯಾಚೆಯವರಿಗೆ ನಿದ್ದೆ ಬರುತ್ತದೆಯೇ? ಪೇಟೆ ಕೆತ್ತಿಸಿತು, ಹೊಳೆಯಾಚೆ ಕೆತ್ತಿಸಿದರು, ಹುಸೇನಸಾಬ ನಾಲ್ಕು ಜನ ಶಿಷ್ಯರನ್ನು ಇಟ್ಟುಕೊಂಡ. ಗುಡ್ಡದ ಮೇಲಿನ ಊರಿನವರು ಮಾತ್ರ ಇನ್ನೂ ನೋಡೋಣ ಅನ್ನುತ್ತಿದ್ದಾರೆ, ಅವರ ಗುಡ್ಡದಲ್ಲಿ ಎಲ್ಲವೂ ನಿಧಾನ. ಗುಂಡೋ ಮಾಸ್ತರರು ಚಾವಡಿಯಲ್ಲಿ ಕೂತು, ತಲೆಯ ಮೇಲೆ ಹಾದುಹೋಗುವ ಉದ್ದ ಕರೆಗಳನ್ನು ಕೇಳುತ್ತ ಮಗುವಿನ ಹಾಗೆ ಅತ್ತರಂತೆ.

ಸಾವಂತ್ರವ್ವ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ ಕುಣಿದೇ ಕುಣಿದಳು.

ಮರುದಿನ ಬೆಳಿಗ್ಗೆ ಶಶಿಕಲಾ ಹಸಿರು ಸೀರೆಯುಟ್ಟು ನಮ್ಮ ಹೊಸ್ತಿಲ ಒಳಗೆ ನಿಂತಳು. ಒಲೆಗೆ ಕಟ್ಟಿಗೆ ಒಟ್ಟಿತ್ತು. ಇಡೀ ಓಣಿ ಅಂಗಳದಲ್ಲಿ ಉಸಿರು ಹಿಡಿದಿತ್ತು, ಏಕೆಂದರೆ ಈ ಓಣಿಯಲ್ಲಿ ಇದುವರೆಗೆ ಯಾವ ತಾಯಿಯ ದನಿಯೂ ಹೊಸ್ತಿಲಿಗೆ ಬಂದಿರಲಿಲ್ಲ. ಸೂರ್ಯ ಮಲ್ಲವ್ವನ ಮಾಳಿಗೆಯ ಮೇಲೆ ಬಂದ. ಕರೆ ಬರಲಿಲ್ಲ. ಸಾವಂತ್ರವ್ವ ಎಲ್ಲಿ ಎರಡು ಸಲ ನುಂಗಿದಳೋ ಎಂದು ಕಾಶವ್ವ ಓಡಿಹೋಗಿ ಕೋಳಿಗೂಡು ನೋಡಿ ಬಂದಳು. ನಾನು ಮನಸ್ಸಿನಲ್ಲೇ ಎಲ್ಲ ದೇವರಿಗೂ ಹರಕೆ ಹೊತ್ತೆ.

"ಶಶೀ."

ಒಂದೇ ಮಾತು. ದನಿ ಒಡೆದಿತ್ತು, ನಡುಗುತ್ತಿತ್ತು, ಹೊಳೆ ದಾಟಿ ಬಂದರೂ ಒಂದಿಷ್ಟೂ ಸವೆದಿರಲಿಲ್ಲ. "ಶಶೀ, ಕೇಳಸ್ತೇನ ಯವ್ವಾ? ಒಲಿ ಹಚ್ಚು."

ನನ್ನ ಬಾಯಿ ರೂಢಿಯಂತೆ ತಾನೇ ತೆರೆದುಕೊಂಡಿತು, "ಒಲಿ ಹಚ್ಚು" ಅನ್ನಲು. ಎಲ್ಲರೂ ನನ್ನನ್ನೇ ನೋಡಿದರು. ಬಾಯಿ ಮುಚ್ಚಿಕೊಂಡೆ. ಶಶಿಕಲಾ ಹೊಸ್ತಿಲನ್ನು ಮುಟ್ಟಿ, "ಕೇಳಸ್ತೈತಿ ಯವ್ವಾ, ಕೇಳಸ್ತೈತಿ," ಎಂದು ಅಳುತ್ತ ನಗುತ್ತ ಹೇಳಿ ಒಲೆ ಹಚ್ಚಲು ಓಡಿದಳು. ಬಾಜಾದವರು ಬಾರಿಸಲು ಶುರು ಮಾಡಿದರು. ಓಣಿಯ ಮುದುಕಿಯರು, ಎಂದೋ ಮದುವೆಯಾಗಿ ಬಂದವರು, ಒಬ್ಬರನ್ನೊಬ್ಬರು ಹಿಡಿದುಕೊಂಡು ಅಳುತ್ತಿದ್ದರು.

ಒಲೆಯ ಹೊಗೆ ಮಾಡಿಗೆ ಏರುವುದನ್ನು ನೋಡಿ ನಾನು ಮೆಲ್ಲಗೆ ಹೊರಗೆ ಬಂದೆ. ಬೇರೆಲ್ಲಿಗೆ ಹೋಗಲಿ? ಕಾಲು ಕಟ್ಟೆಗೇ ಹೋಯಿತು. ಮೆಣಸಿನಕಾಯಿ ಒಂದು ಕಡೆ ಸರಿಸಿ ಕೂತೆ. ಹೊಟ್ಟೆ ತುಂಬಿದ ಹಾಗಿತ್ತು, ಕೈ ಮಾತ್ರ ಖಾಲಿ. ಹಳೆಯ ನಂಬರಿನ ಪಕ್ಕದಲ್ಲಿ ಕಲ್ಲು ಹೊಸದಾಗಿ ಬೆಳ್ಳಗಿತ್ತು. ಸೆರಗಿನಿಂದ ಒರೆಸಿದೆ. ಎಂಟು ತುಂಡಿನ ಒಂದು ನಂಬರು. ಇದು ಯಾವಾಗ ಕೆತ್ತಿದ್ದು, ಯಾರು ಕೆತ್ತಿಸಿದ್ದು ಎಂದು ಯೋಚಿಸುವಷ್ಟರಲ್ಲಿ ಕಟ್ಟೆ ದನಿ ಮಾಡಿತು.

"ಅದೀರೇನ್ರೀ?" ಸಾವಂತ್ರವ್ವನ ದನಿ. "ನಿಮ್ಮ ಮಗಾ ಕೊಟ್ಟಿದ್ದಾ ಈ ನಂಬರ. ಕೇಳಸ್ತೈತೇನು?"

ಇಷ್ಟು ವರ್ಷದ ರೂಢಿ, ಎದ್ದು ನಿಂತು ಸೆರಗು ಸರಿಮಾಡಿಕೊಂಡೆ. "ಕೇಳಸ್ತೈತ್ರೀ. ಯಾರಿಗ್ ಹೇಳ್ಬೇಕ್ರೀ?"

"ಯಾರಿಗೂ ಅಲ್ರೀ ಬೀಗ್ತೀ," ಅಂದಳು ಅವಳು. "ನಿಮಗ. ಚಾ ಆತೇನು?"